ಆರು ಕೆ.ಜಿ. ತೂಕದ ಗೋಡೆ

ಮೊದಲ ರಾತ್ರಿ ವ್ಯಾನು ನಿಲ್ಲಿಸಿದ್ದು ಶೃಂಗೇರಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಪರಿಚಯದವರೊಬ್ಬರ ಅಡಿಕೆ ತೋಟದ ಅಂಚಿನಲ್ಲಿ. ಜುಲೈ ತಿಂಗಳು. ಅನ್ನ, ತಿಳಿಸಾರು ಉಂಡು, ಪಾತ್ರೆ ತೊಳೆದು, ಹೊಸ ಮಂಚದ ಮೇಲೆ ಕಾಲು ಚಾಚಿ, 'ಅಬ್ಬಾ, ಇನ್ನು ಇದೇ ಮನೆ' ಅಂದುಕೊಳ್ಳುವಷ್ಟರಲ್ಲಿ ಮಳೆ ಹಿಡಿಯಿತು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟುವ ಸೀಮೆ ಅದು. ನಾನು ಹುಟ್ಟಿ ಬೆಳೆದದ್ದೇ ಆ ಮಳೆಯಲ್ಲಿ, ಆದರೆ ಹೆಂಚಿನ ಮಾಡಿನ ಕೆಳಗೆ. ತಗಡಿನ ಕೆಳಗೆ ಮಲಗಿ ಅದನ್ನು ಕೇಳಿದ್ದು ಅದೇ ಮೊದಲು. ತಲೆಯ ಮೇಲೆ ಯಾರೋ ಮೂಟೆಗಟ್ಟಲೆ ಅಡಿಕೆ ಸುರಿಯುತ್ತಿದ್ದಾರೆ, ಸುರಿದು ಮುಗಿಸುತ್ತಲೇ ಇಲ್ಲ.

ಒಂದಡಿ ದೂರದಲ್ಲಿ ಮಲಗಿದ್ದ ಇವರು ಏನೋ ಹೇಳಿದರು. ಕೇಳಲಿಲ್ಲ. ಕೊನೆಗೆ ಫೋನಿನಲ್ಲಿ ಬರೆದು ತೋರಿಸಿದರು: 'ಅವರ ಜಗಲಿ ಮೇಲೆ ಮಲಗೋಣವಾ?' ಮನೆ ಮಾರಿ ವ್ಯಾನು ಕೊಂಡ ಗಂಡ ಹೆಂಡತಿ ಮೊದಲ ರಾತ್ರಿಯೇ ಛತ್ರಿ ಹಿಡಿದು ಇನ್ನೊಬ್ಬರ ಜಗಲಿ ಹತ್ತಿದೆವು.

ನಮ್ಮದು ಪ್ರವಾಸಿಗರನ್ನು ಹೊತ್ತು ಹೊತ್ತು ದಣಿದಿದ್ದ ಹಳೇ ಟೂರಿಸ್ಟ್ ವ್ಯಾನು. ಹದಿಮೂರು ಸೀಟು ಕಿತ್ತು, ಮಂಚ, ಅಡುಗೆ ಕಟ್ಟೆ, ನೂರು ಲೀಟರ್ ನೀರಿನ ತೊಟ್ಟಿ, ಬ್ಯಾಟರಿ ಎಲ್ಲವನ್ನೂ ಕೂರಿಸಿದ್ದೆವು. ಬಿಸಿಲಿಗೆ ಏನು, ಸೊಳ್ಳೆಗೆ ಏನು, ಬಚ್ಚಲಿಗೆ ಏನು ಎಂದು ತಿಂಗಳುಗಟ್ಟಲೆ ಯೋಚಿಸಿದವರು ಸದ್ದಿನ ಬಗ್ಗೆ ಒಂದು ಸಂಜೆಯನ್ನೂ ಖರ್ಚು ಮಾಡಿರಲಿಲ್ಲ. ಯೋಚಿಸಲು ಕಾರಣವೇ ಇರಲಿಲ್ಲವಲ್ಲ. ಮನೆಯಲ್ಲಿ ಆ ಕೆಲಸವನ್ನು ಗೋಡೆ ಸಂಬಳವಿಲ್ಲದೆ ಮಾಡಿಕೊಂಡು ಹೋಗುತ್ತಿರುತ್ತದೆ.

ಗೋಡೆ ಮಾಡುವ ಆ ಕೆಲಸ ಬಹುಪಾಲು ಬರೀ ತೂಕದ ಕೆಲಸ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯ ಒಂದು ಚದರ ಮೀಟರ್ ನಾನೂರು ಕೆ.ಜಿ.ಗೂ ಹೆಚ್ಚು ತೂಗುತ್ತದೆ. ವ್ಯಾನಿನ ಮೈ ಎಂದರೆ 0.8 ಮಿಲಿಮೀಟರ್ ಆಸುಪಾಸಿನ ಉಕ್ಕಿನ ತಗಡು. ಅದರ ಒಂದು ಚದರ ಮೀಟರ್ ಆರು ಕೆ.ಜಿ. ಚಿಲ್ಲರೆ. ಸದ್ದು ಎಂದರೆ ಗಾಳಿಯ ನೂಕು. ನೂಕಿದಾಗ ನಾನೂರು ಕೆ.ಜಿ. ಅಲುಗುವುದಕ್ಕೂ ಆರು ಕೆ.ಜಿ. ಅಲುಗುವುದಕ್ಕೂ ಇರುವ ಅಂತರವೇ ನಮ್ಮ ನಿದ್ದೆಯ ಅಂತರ.

ಇದಕ್ಕೊಂದು ಒರಟು ಲೆಕ್ಕವಿದೆ. ಗೋಡೆಯ ತೂಕ ಎರಡರಷ್ಟಾದರೆ ಹೆಚ್ಚೆಂದರೆ ಆರು ಡೆಸಿಬೆಲ್ ಸದ್ದು ಕಮ್ಮಿಯಾಗುತ್ತದೆ. ಕಿವಿಗೆ ಸದ್ದು ಅರ್ಧಕ್ಕಿಳಿಯಿತು ಅನ್ನಿಸಬೇಕಾದರೆ ಹತ್ತು ಡೆಸಿಬೆಲ್ ಇಳಿಯಬೇಕು. ಹಾಗೆಯೇ ಸದ್ದಿನ ಶ್ರುತಿ ಒಂದು ಸ್ಥಾಯಿ ಕೆಳಗಿಳಿದಾಗಲೆಲ್ಲ ಅದೇ ಗೋಡೆ ಆರು ಡೆಸಿಬೆಲ್‌ನಷ್ಟು ಕೈಚೆಲ್ಲುತ್ತದೆ. ನಮ್ಮ ತಗಡಿಗೆ ಈ ಲೆಕ್ಕ ಹಚ್ಚಿ ನೋಡಿದೆ. ಮಾತಿನ ಮಟ್ಟದ 500 ಹರ್ಟ್ಸ್ ಸದ್ದನ್ನು ಅದು ಸುಮಾರು 23 ಡೆಸಿಬೆಲ್ ತಡೆಯಬೇಕು, 100 ಹರ್ಟ್ಸ್ ಸದ್ದನ್ನು ಒಂಬತ್ತೇ ಒಂಬತ್ತು. ಪಕ್ಕದಲ್ಲಿ ನಿಂತವರ ಹರಟೆ ಮಂದವಾಗಿ, ಅವರಾಚೆ ನಿಂತ ಲಾರಿಯ ಗುಡುಗುಡು ಮಾತ್ರ ಎದೆಗೆ ಬಂದು ಬಡಿಯುತ್ತಿದ್ದುದು ಯಾಕೆಂದು ಆಗ ತಿಳಿಯಿತು.

ಆ ಗುಡುಗುಡು ನಮ್ಮ ಹಳೇ ಶತ್ರು. ಡಾಬಾ ಮುಂದೆ ಎಂಜಿನ್ ಆರಿಸದೆ ನಿಂತ ಆರು ಸಿಲಿಂಡರ್ ಲಾರಿ ನಿಮಿಷಕ್ಕೆ ಆರುನೂರು ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ ಮೂವತ್ತು ಸಲ ಸಿಡಿಯುತ್ತಿರುತ್ತದೆ. ಮೂವತ್ತು ಹರ್ಟ್ಸ್‌ನ ಒಂದು ಅಲೆಯ ಉದ್ದ ಹನ್ನೊಂದು ಮೀಟರಿಗಿಂತ ಹೆಚ್ಚು. ನಮ್ಮ ಇಡೀ ಮನೆಯೇ ಆ ಅಲೆಯ ಅರ್ಧಕ್ಕೆ ಬರುವುದಿಲ್ಲ. ಅಂಥ ಅಲೆಯನ್ನು ಒಂದಿಂಚಿನ ಸ್ಪಂಜಿನಿಂದ ಹೀರುತ್ತೇನೆಂದು ಹೊರಡುವುದು ಸೆರಗಿನಿಂದ ತುಂಗೆಯನ್ನು ಒರೆಸಲು ಹೋದ ಹಾಗೆ.

ನಾವು ಹೊರಟೆವು ಎಂಬುದೇ ಮಾತು. ಜಗಲಿಯ ರಾತ್ರಿ ಕಳೆದ ಮರುವಾರವೇ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ, ಮೊಟ್ಟೆ ಟ್ರೇ ಆಕಾರದ ಕಪ್ಪು ಫೋಮ್ ಹೊರೆಗಟ್ಟಲೆ ತಂದೆವು. ರೆಕಾರ್ಡಿಂಗ್ ಸ್ಟುಡಿಯೊಗಳಲ್ಲಿ ಅದನ್ನು ಕಂಡವರು ಯಾರಿಗಾದರೂ ಸದ್ದು ತಡೆಯುವ ವಸ್ತು ಅಂದರೆ ಅದೇ ಎಂದು ಅನ್ನಿಸುವುದು ಸಹಜ. ಎರಡು ದಿನ ಅಂಟಿಸಿದೆವು. ಒಳಗೆ ಕೂತು ಚಪ್ಪಾಳೆ ತಟ್ಟಿದರೆ ಮಾರ್ದನಿ ಇಲ್ಲ, ಮಾತು ಮೆತ್ತಗೆ, ಇವರ ಆನ್‌ಲೈನ್ ಗಣಿತ ಪಾಠ ಕೇಳುವ ಮಕ್ಕಳೂ ಖುಷ್. ಆದರೆ ಹೊರಗಿನ ಲಾರಿ ಇದ್ದಲ್ಲೇ ಇತ್ತು. ಫೋಮು ಮಾಡುವುದು ಒಳಗಿನ ಸದ್ದು ಗೋಡೆಯಿಂದ ಗೋಡೆಗೆ ಪುಟಿಯದಂತೆ ಹೀರುವ ಕೆಲಸ. ಹೊರಗಿನದು ಒಳಗೆ ಬಾರದಂತೆ ತಡೆಯುವುದು ಬೇರೆಯೇ ಕೆಲಸ. ಅದಕ್ಕೆ ಬೇಕಾದ ತೂಕ ಫೋಮಿಗಿಲ್ಲ. ಮೇಲಾಗಿ ಅಗ್ಗದ ಪಾಲಿಯುರಿಥೇನ್ ಫೋಮಿಗೆ ಬೆಂಕಿ ಎಂದರೆ ಬಹಳ ಪ್ರೀತಿ. ಒಲೆಯಿಂದ ಎರಡಡಿ ದೂರದಲ್ಲಿ ಅದನ್ನು ಅಂಟಿಸಿ ಮಲಗಿದ್ದೆವಲ್ಲ ಎಂದು ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ. ಮೂರು ವಾರದಲ್ಲಿ ಎಲ್ಲವನ್ನೂ ಕೆರೆದು ತೆಗೆದೆವು. ಅಂಟು ಕೆರೆಯಲು ಇನ್ನೆರಡು ವಾರ.

ದಾರಿ ತೋರಿಸಿದವನು ಕಾರುಗಳಿಗೆ ಸ್ಪೀಕರ್ ಕೂರಿಸುವ ಅಂಗಡಿಯ ಹುಡುಗ. ಬಂದವನೇ ಬೆರಳ ಗೆಣ್ಣಿನಿಂದ ವ್ಯಾನಿನ ಮೈಯನ್ನು ಅಲ್ಲಲ್ಲಿ ಕುಟ್ಟಿದ, ಹಲಸಿನ ಹಣ್ಣು ಕೊಳ್ಳುವವರು ಕುಟ್ಟುವ ಹಾಗೆ. ತಗಡಿಗೆ ಬಲ ಕೊಡುವ ಪಟ್ಟಿಯ ಹತ್ತಿರ ಕುಟ್ಟಿದರೆ 'ಟಕ್'. ಎರಡು ಪಟ್ಟಿಗಳ ನಡುವಿನ ಬಯಲಲ್ಲಿ ಕುಟ್ಟಿದರೆ 'ಡಂಯ್‌'. 'ಮೇಡಂ, ಡಂಯ್ ಅನ್ನೋ ಕಡೆ ಮಾತ್ರ ಶೀಟ್ ಹಾಕಿದ್ರೆ ಸಾಕು. ಎಲ್ಲಾ ಕಡೆ ಹಾಕಿದ್ರೆ ನಮಗೆ ದುಡ್ಡು, ನಿಮಗೆ ಭಾರ.' ತನ್ನ ವ್ಯಾಪಾರವನ್ನು ತಾನೇ ಕಮ್ಮಿ ಮಾಡಿಕೊಳ್ಳುವ ಮನುಷ್ಯರನ್ನು ನಂಬಬೇಕು ಎಂಬುದು ನನ್ನ ಅನುಭವ.

ಅವನ ಶೀಟು ಎಂದರೆ ಎರಡು ಮಿಲಿಮೀಟರ್ ದಪ್ಪದ, ಅಂಟಂಟು ಬ್ಯೂಟೈಲ್ ರಬ್ಬರು. ಅದರ ಬೆನ್ನಿಗೆ ಅಲ್ಯುಮಿನಿಯಂ ಹಾಳೆ. ತಗಡು ಕಂಪಿಸಿದಾಗ ಒಂದು ಬದಿಯಲ್ಲಿ ತಗಡು, ಇನ್ನೊಂದು ಬದಿಯಲ್ಲಿ ಅಲ್ಯುಮಿನಿಯಂ ಹಿಡಿದೆಳೆದು ನಡುವಿನ ರಬ್ಬರು ಹಿಂದೆ ಮುಂದೆ ಉಜ್ಜಿದಂತಾಗುತ್ತದೆ. ಕಂಪನವೆಲ್ಲ ಚೂರೇ ಚೂರು ಬಿಸಿಯಾಗಿ ಕರಗಿಹೋಗುತ್ತದೆ. ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ತಗಡನ್ನು ಮುಚ್ಚಿದರೆ ಬಹುಪಾಲು ಲಾಭ ಬಂದುಬಿಡುತ್ತದೆ. ಅಗ್ಗಕ್ಕೆ ಸಿಗುವ ಡಾಂಬರಿನ ಶೀಟು ಬೇಡವೇ ಬೇಡ. ಕಲಬುರಗಿಯ ಮೇ ತಿಂಗಳ ಬಿಸಿಲಿಗೆ ಅದು ಮೆತ್ತಗಾಗಿ ಜಾರುತ್ತದೆ, ಮನೆಯೆಲ್ಲ ರಸ್ತೆ ಹಾಕುವ ವಾಸನೆ.

ಅವನು ರೋಲರಿನಿಂದ ಶೀಟು ಒತ್ತುತ್ತಿದ್ದಾಗ ನನಗೆ ನೆನಪಾದದ್ದು ಮೃದಂಗ. ಕಛೇರಿಗೆ ಮುಂಚೆ ಎಡ ಮುಖಕ್ಕೆ ರವೆ ಕಲಸಿ ಮೆತ್ತುತ್ತಾರಲ್ಲ, ಅದೂ ಚರ್ಮಕ್ಕೆ ತೂಕ ಹಾಕಿ ದನಿಯನ್ನು ಕೆಳಗಿಳಿಸುವ ಉಪಾಯವೇ. ಬಲ ಮುಖದ ಕಪ್ಪು ಕರಣೆಯ ಗುಟ್ಟನ್ನು ಸಿ.ವಿ. ರಾಮನ್ 1920ರಲ್ಲೇ ಸಹಲೇಖಕರೊಡನೆ 'ನೇಚರ್' ಪತ್ರಿಕೆಯಲ್ಲಿ ಬರೆದಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಮರುವರ್ಷ, 1934ರಲ್ಲಿ, ನಮ್ಮ ಚರ್ಮವಾದ್ಯಗಳ ಮೇಲೆ ಇನ್ನೂ ವಿಸ್ತಾರವಾಗಿ ಬರೆದರು. ಬರೀ ಚರ್ಮದ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ, ಹಾಗಾಗಿ ಅದು ಗದ್ದಲ. ನಡುವೆ ಕರಣೆಯ ತೂಕ ಕೂತಾಗ ಅವು ಸಾಲಿಗೆ ಬರುತ್ತವೆ, ಆಗ ಅದು ನಾದ. ನಮ್ಮ ವ್ಯಾನಿನ ಛಾವಣಿಯೂ ಒಂದು ಚರ್ಮವಾದ್ಯ, ಬಾರಿಸುವವನು ಮಳೆರಾಯ. ನಮಗೆ ಬೇಕಿದ್ದುದು ಮಾತ್ರ ತದ್ವಿರುದ್ಧ: ಕರಣೆ ಹಚ್ಚಿ ವಾದ್ಯದ ಬಾಯಿ ಮುಚ್ಚಿಸುವುದು. ಶೀಟು ಹಾಕಿ ಮುಗಿದ ಮೇಲೆ ಕುಟ್ಟಿದರೆ 'ಡಂಯ್‌' ಹೋಗಿ 'ದಪ್' ಬಂತು. ಗೋಣಿಚೀಲಕ್ಕೆ ಗುದ್ದಿದ ಹಾಗೆ. ಆ 'ದಪ್' ಕೇಳಿ ನಾವಿಬ್ಬರೂ ನಕ್ಕಿದ್ದು ನೋಡಿ ಹುಡುಗ ಗಾಬರಿಯಾದ.

ಮಳೆಗೆ ಅದೊಂದೇ ಸಾಲಲಿಲ್ಲ. ಲಾರಿಯ ಸದ್ದು ಗಾಳಿಯಲ್ಲಿ ಬಂದು ತಗಡನ್ನು ನೂಕುತ್ತದೆ. ಮಳೆ ತಗಡನ್ನು ನೇರವಾಗಿ ಹೊಡೆಯುತ್ತದೆ. ದೊಡ್ಡ ಹನಿ ನೆಲ ಮುಟ್ಟುವಾಗ ಸೆಕೆಂಡಿಗೆ ಒಂಬತ್ತು ಮೀಟರ್ ವೇಗದಲ್ಲಿರುತ್ತದೆ. ಹೊಡೆದ ಮೇಲೆ ಒಳಗಿನಿಂದ ಸಮಾಧಾನ ಮಾಡುವುದಕ್ಕಿಂತ ಹೊಡೆಯುವ ಮುಂಚೆಯೇ ತಡೆಯುವುದು ಮೇಲು. ನಮ್ಮ ಕಡೆಯವರಿಗೆ ಇದು ಹೊಸದೇನಲ್ಲ. ಅಡಿಕೆ ಸೋಗೆ ಹೊದೆಸಿದ ಮಾಡಿನ ಕೆಳಗೆ ಮಳೆ ಬರೀ 'ಶ್' ಅನ್ನುತ್ತಿತ್ತು. ವ್ಯಾನಿಗೆ ಸೋಗೆ ಹೊದೆಸಲಾಗದು, ಪೊಲೀಸರು ನಗುತ್ತಾರೆ. ಆದರೆ ಛಾವಣಿಯ ಅರ್ಧದಷ್ಟನ್ನು ಎರಡು ಸೌರ ಫಲಕಗಳು ನಾಲ್ಕಿಂಚು ಎತ್ತರದಲ್ಲಿ ಹೇಗೂ ಮುಚ್ಚಿದ್ದವು. ಫಲಕದ ಕೆಳಗೆ ಮಲಗಿದರೆ ಮಳೆ ಪಕ್ಕದ ಕೋಣೆಯಲ್ಲಿ ಬಿದ್ದಂತೆ, ಫಲಕವಿಲ್ಲದ ಕಡೆ ಬಂದರೆ ನೆತ್ತಿಯ ಮೇಲೆ. ಉಳಿದರ್ಧಕ್ಕೆ ನರ್ಸರಿಯವರು ಅಡಿಕೆ ಸಸಿಗೆ ಕಟ್ಟುವ ಹಸಿರು ನೆರಳು ಬಲೆಯನ್ನು, ಕ್ಯಾರಿಯರಿನ ಕಂಬಿಗಳಿಗೆ ಬಿಗಿಯಾಗಿ ಎಳೆದು ಕಟ್ಟಿದೆವು. ದಪ್ಪ ಹನಿ ಬಲೆಗೆ ಬಡಿದು ಪುಡಿಯಾಗಿ, ತಗಡಿಗೆ ಇಳಿಯುವುದು ಬರೀ ಸೋನೆ. ಇಡೀ ವ್ಯಾನಿನಲ್ಲಿ ರೂಪಾಯಿಗೆ ರೂಪಾಯಿ ಹೆಚ್ಚು ಲಾಭ ಕೊಟ್ಟದ್ದು ಆ ಬಲೆ. ಓಡಿಸುವಾಗ ಬಿಚ್ಚಿ ಸುತ್ತಿಡಬೇಕು, ಇಲ್ಲದಿದ್ದರೆ ಗಾಳಿಗೆ ಹರಿದು ಪಟಪಟಿಸಿ ಇನ್ನೊಂದು ಸದ್ದಾಗುತ್ತದೆ. ಎರಡು ಸಲ ಮರೆತಿದ್ದೇವೆ.

ಇನ್ನು ಕಂಬಳಿ. ಮಳೆಗಾಲದಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಗೆ ಹೋದವರಿಗೆ ಗೊತ್ತು, ಅದರೊಳಗೆ ಕಿವಿಗೆ ಬೀಳುವ ಮಳೆಯೇ ಬೇರೆ. ತೋಳಿನಂತರದಲ್ಲಿ ಸುರಿಯುತ್ತಿದ್ದರೂ ಎಲ್ಲೋ ಆಚೆ ಹೊಲದಲ್ಲಿ ಎಂಬಂತೆ. ನಾರು ನಾರಾದ ವಸ್ತುವಿನ ಸಂದುಗಳಲ್ಲಿ ಗಾಳಿ ಓಡಾಡಲು ತಿಣುಕುತ್ತದೆ, ಅಲ್ಲೇ ಸದ್ದು ಸೊರಗುತ್ತದೆ. ರಾಕ್‌ವೂಲ್ ಎಂಬ ಕಲ್ಲಿನ ನಾರು ಇದೇ ಕೆಲಸ ಮಾಡುತ್ತದೆ, ಬೆಂಕಿಗೂ ಹೆದರುವುದಿಲ್ಲ. ಆದರೆ ಅಲುಗಾಡುವ ಗಾಡಿಯಲ್ಲಿ ಅದರ ಪುಡಿ ಉದುರಿ ಉಸಿರಿಗೆ ಸೇರೀತೆಂದು ನಾನು ಬೇಡವೆಂದೆ. ಚಿತ್ರದುರ್ಗದ ಕಡೆ ಹೋದಾಗ ಕುರಿಗಾರರಿಂದ ಕರಿ ಉಣ್ಣೆ ಕೊಂಡೆವು. ದಖ್ಖನಿ ಕುರಿಯ ಒರಟು ಉಣ್ಣೆಗೆ ಈಗ ಕೊಳ್ಳುವವರಿಲ್ಲದೆ, ಕತ್ತರಿಸಿದ್ದನ್ನು ಹಾಗೇ ಬಿಸಾಡುವುದೂ ಉಂಟು. ತೊಳೆದು, ನುಸಿ ಹತ್ತದಂತೆ ಬಿಳಿಗಾರದ ನೀರಿನಲ್ಲಿ ಅದ್ದಿ, ಒಣಗಿಸಿ, ತಗಡಿಗೂ ಒಳಗಿನ ಪ್ಲೈವುಡ್ಡಿಗೂ ನಡುವೆ ಸಡಿಲವಾಗಿ ತುಂಬಿದೆವು. ಉಣ್ಣೆ ತನ್ನ ತೂಕದ ಮೂರನೇ ಒಂದರಷ್ಟು ತೇವ ಹೀರಿದರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಒಣಹವೆ ಬಂದಾಗ ಹೀರಿದ್ದನ್ನು ಬಿಟ್ಟುಕೊಡುತ್ತದೆ. ಮೊದಲ ಮಳೆಗಾಲ ಪೂರ್ತಿ ವ್ಯಾನಿನಲ್ಲಿ ಕುರಿಹಟ್ಟಿಯ ವಾಸನೆ ಇತ್ತು. ಬಂದ ನೆಂಟರು ಮೂಗು ಸಿಂಡರಿಸಿದರು. ಸದ್ದಿಗೆ ಹೋಲಿಸಿದರೆ ವಾಸನೆಯೇ ವಾಸಿ, ಎರಡು ದಿನಕ್ಕೆ ಮೂಗು ಮರೆತುಬಿಡುತ್ತದೆ. ಕಿವಿ ಮರೆಯುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಇವರಿಗೆ ತೃಪ್ತಿಯಿಲ್ಲ. ಚದರ ಮೀಟರಿಗೆ ಐದು ಕೆ.ಜಿ. ತೂಗುವ ಭಾರದ ವಿನೈಲ್ ಹಾಳೆ ಬರುತ್ತದೆ, ಅದನ್ನೂ ಹೊದೆಸೋಣ ಅಂದರು. ಗಣಿತದ ಮೇಷ್ಟ್ರು, ನಾನೇ ಕಾಗದ ಪೆನ್ನು ಕೈಗೆ ಕೊಟ್ಟೆ. ನೆಲ, ಗೋಡೆ, ಛಾವಣಿ ಸೇರಿ ನಮ್ಮ ಮನೆ 35 ಚದರ ಮೀಟರ್. ಅಲ್ಲಿಗೆ 175 ಕೆ.ಜಿ. ನೂರು ಲೀಟರಿನ ತೊಟ್ಟಿ ಖಾಲಿ ಮಾಡಿ, ಅಕ್ಕಿ ಮೂಟೆ ಇಳಿಸಿ, ನನ್ನನ್ನೂ ಇಳಿಸಿದರೆ ಸರಿಹೋಗುತ್ತದೆ. ಇಷ್ಟಕ್ಕೆ ಸಿಗುವ ಲಾಭ ಐದು ಡೆಸಿಬೆಲ್ಲು, ಕಿವಿಗೆ ಅರ್ಧವೂ ಇಳಿದಂತೆ ತೋರದು. ಗಾಡಿ ಹೊರಬಹುದಾದ ಒಟ್ಟು ತೂಕಕ್ಕೆ ಮಿತಿಯಿದೆ, ಬ್ರೇಕು ಹಿಡಿಯಬೇಕಾದದ್ದೂ ಆ ತೂಕವನ್ನೇ. ಕೊನೆಗೆ ಹಾಳೆ ಹಾಕಿದ್ದು ಎರಡೇ ಕಡೆ: ಎಂಜಿನ್ನಿಗೂ ನಮಗೂ ನಡುವಿನ ಅಡ್ಡಗೋಡೆಗೆ, ಹಿಂದಿನ ಚಕ್ರಗಳ ಕಮಾನುಗಳ ಮೇಲೆ. ರಸ್ತೆಯ ಕಲ್ಲು ಸಿಡಿದು ಬಡಿಯುವ ಸದ್ದು ಹುಟ್ಟುವುದೇ ಆ ಕಮಾನುಗಳಲ್ಲಿ.

ತೂಕಕ್ಕಿಂತ ದೊಡ್ಡ ವಿಷಯ ಸಂದು. ಎಂಥ ಗೋಡೆ ಕಟ್ಟಿದರೂ ಅದರ ನೂರರಲ್ಲಿ ಒಂದು ಭಾಗ ತೆರೆದಿದ್ದರೆ ಒಟ್ಟು ತಡೆ ಇಪ್ಪತ್ತು ಡೆಸಿಬೆಲ್ ದಾಟಲಾರದು. ಬಾಗಿಲ ಬೀಡಿಂಗು ಸತ್ತಿದ್ದರೆ ಒಳಗೆ ಉಣ್ಣೆ ತುಂಬಿ ಏನು ಬಂತು? ಪರೀಕ್ಷೆ ಸುಲಭ. ಪತ್ರಿಕೆಯ ಒಂದು ಪಟ್ಟಿ ಹರಿದು ಬಾಗಿಲ ನಡುವೆ ಇಟ್ಟು ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿ ರಬ್ಬರು ಕೂತಿಲ್ಲ. ನಮ್ಮ ಸರಿಯುವ ಬಾಗಿಲ ಕೆಳಭಾಗದಲ್ಲಿ ಕಾಗದ ತಾನಾಗೇ ಬಿತ್ತು. ಕಿಟಕಿಗಳದ್ದೂ ಅದೇ ಕಥೆ. ಗಾಜು ದುರ್ಬಲ ಎಂದು ನಾವು ಬೈಯುತ್ತಿದ್ದೆವು. ಲೆಕ್ಕ ಹಾಕಿದರೆ ನಾಲ್ಕು ಮಿಲಿಮೀಟರ್ ಗಾಜಿನ ಚದರ ಮೀಟರಿಗೆ ಹತ್ತು ಕೆ.ಜಿ., ನಮ್ಮ ಉಕ್ಕಿನ ಗೋಡೆಗಿಂತ ಭಾರ! ತಪ್ಪು ಗಾಜಿನದಲ್ಲ, ಅದು ಸರಿದಾಡುವ ಸವೆದ ಕಾಲುವೆಯದು. ಕಾಲುವೆಗೆ ಹೊಸ ಮಖಮಲ್ ಪಟ್ಟಿ, ರಾತ್ರಿಗೆ ಕಿಟಕಿಯ ಅಳತೆಗೇ ಹೊಲಿದ ಕಂಬಳಿಯ ದಿಂಬು. ಕತ್ತಲೂ ಆಯಿತು.

ಆದರೆ ಎಲ್ಲ ಸಂದು ಮುಚ್ಚಿ ಮಲಗುವಂತಿಲ್ಲ. ಇಬ್ಬರ ಉಸಿರಿನಿಂದಲೇ ಒಂದು ರಾತ್ರಿಗೆ ಅರ್ಧ ಲೀಟರಿನಷ್ಟು ನೀರು ಗಾಳಿಗೆ ಸೇರುತ್ತದೆ; ಬೆಳಿಗ್ಗೆ ಗಾಜಿನ ಮೇಲೆ ಬೆವರು, ತಿಂಗಳಿಗೆ ಬೂಷ್ಟು. ಒಳಗೆ ಒಲೆ ಉರಿಸುವವರಿಗೆ ಗಾಳಿ ಎಂದರೆ ಜೀವದ ಪ್ರಶ್ನೆ. ಗಾಳಿ ಬರಬೇಕು, ಸದ್ದು ಬರಬಾರದು. ಹಾಗಾಗಿ ಗಾಳಿಯ ದಾರಿಯನ್ನು ಮೂರು ಕಡೆ ಮುರಿದೆವು. ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಹಾವಿನಂತೆ ಹೊರಳುವ ಹಾದಿ, ಒಳಮೈಗೆಲ್ಲ ಉಣ್ಣೆಯ ಹೊದಿಕೆ. ಗಾಳಿ ತಿರುಗಿ ತಿರುಗಿ ಬರುತ್ತದೆ, ಸದ್ದು ಪ್ರತಿ ತಿರುವಿನಲ್ಲಿ ಗೋಡೆಗೆ ಬಡಿದು ಸಾಯುತ್ತದೆ. ಬಡಗಿ ಇದನ್ನು ಮೊದಲ ಸಲ ಮಾಡಿದಾಗ ದಾರಿ ಇಕ್ಕಟ್ಟಾಗಿ ಗಾಳಿಯೇ ಬರಲಿಲ್ಲ. ಒಡೆದು ಮತ್ತೆ ಮಾಡಿದ.

ಹೊರಗಿನ ಸದ್ದು ತಗ್ಗಿದ ದಿನ ಒಳಗಿನವು ತಲೆ ಎತ್ತಿದವು. ಕನ್ನಡದ ಅಡುಗೆಮನೆ ಎಂದರೆ ಸ್ಟೀಲು. ಲೋಟ, ತಟ್ಟೆ, ಸೌಟು, ಇಡ್ಲಿ ತಟ್ಟೆಗಳ ಗೋಪುರ. ಹಂಪು ಬಂದಾಗಲೆಲ್ಲ ಮದುವೆ ಮನೆಯ ಊಟದ ಹಾಲ್. ಹಳೇ ಕಾಟನ್ ಸೀರೆಯ ತುಂಡುಗಳನ್ನು ತಟ್ಟೆ ತಟ್ಟೆಯ ನಡುವೆ ಇಟ್ಟ ಮೇಲೆ ಶಾಂತಿ. ಪ್ಲೈವುಡ್ಡು ತಗಡನ್ನು ಮುಟ್ಟುವ ಪ್ರತಿ ಸ್ಕ್ರೂವಿನ ಕೆಳಗೂ ರಬ್ಬರ್ ವಾಷರ್. ಇಲ್ಲವಾದರೆ ತಗಡಿನ ನಡುಕ ಉಣ್ಣೆಯನ್ನು ಹಾರಿ ಸ್ಕ್ರೂವಿನ ಮೂಲಕವೇ ಒಳಗೆ ಬರುತ್ತದೆ. ನೀರಿನ ಪಂಪು, ಇನ್ವರ್ಟರ್ ಫ್ಯಾನು, ಫ್ರಿಜ್ಜಿನ ಕಂಪ್ರೆಸರು, ಎಲ್ಲಕ್ಕೂ ರಬ್ಬರ್ ಕಾಲು. ಮಿಕ್ಸಿ ಮಾತ್ರ ಯಾವ ಉಪಾಯಕ್ಕೂ ಬಗ್ಗಲಿಲ್ಲ. ಬೆಳಿಗ್ಗೆ ಎಂಟಕ್ಕೆ ಇವರ ಪಾಠ ಶುರುವಾಗುವ ಮುಂಚೆ ಚಟ್ನಿ ಆಗಬೇಕು, ಇಲ್ಲದಿದ್ದರೆ ಆವತ್ತು ಉಪ್ಪಿನಕಾಯಿ.

ಇಷ್ಟು ಕಲಿತ ಮೇಲೆ ನಾನು ಒಪ್ಪಿಕೊಳ್ಳುವ ಮಾತೊಂದಿದೆ. ನಮ್ಮ ನಿದ್ದೆಯ ಅರ್ಧ ಪಾಲು ಗೋಡೆಯದಲ್ಲ, ನಿಲ್ಲಿಸುವ ಜಾಗದ್ದು. ವಿಶ್ವ ಆರೋಗ್ಯ ಸಂಸ್ಥೆ 1999ರ ತನ್ನ ಮಾರ್ಗಸೂಚಿಯಲ್ಲಿ ಮಲಗುವ ಕೋಣೆಗೆ 30 ಡೆಸಿಬೆಲ್ ಹೇಳಿತು. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಎನ್ನುತ್ತವೆ. ನಡುವಿನ ಹದಿನೈದನ್ನು ನಮ್ಮ ಗೋಡೆ ಹೇಗೋ ನೀಗಿಸೀತು. ಆದರೆ ಹೊರಗೆ 45 ಇರುವ ಜಾಗ ಎಲ್ಲಿದೆ ತೋರಿಸಿ? ಅದನ್ನು ಹುಡುಕುವುದೇ ಸಂಜೆಯ ಕೆಲಸ. ಹಂಪಿನ ಹತ್ತಿರ ನಿಲ್ಲಿಸಬಾರದು, ಖಾಲಿ ಲಾರಿಯ ಹಿಂದಿನ ಡಾಲಾ ಅಲ್ಲಿ ಸಿಡಿಲಿನಂತೆ ಬಡಿಯುತ್ತದೆ. ಏರಿನಲ್ಲಿ ಬೇಡ, ಲಾರಿಗಳು ಗೇರು ಇಳಿಸಿ ಕೂಗುತ್ತವೆ. ಘಾಟಿಯ ತಿರುವಿನಲ್ಲಂತೂ ಬೇಡ, ಹಾರ್ನ್ ಮಾಡಿ ಎಂದು ಬೋರ್ಡೇ ಇರುತ್ತದೆ. ದೂರ ಹೋದರೂ ರಸ್ತೆ ಬೇಗ ಬಿಡುವುದಿಲ್ಲ. ಒಂದೇ ಕಡೆ ನಿಂತ ಜನರೇಟರಿನಿಂದ ಎರಡರಷ್ಟು ದೂರ ಸರಿದರೆ ಆರು ಡೆಸಿಬೆಲ್ ಇಳಿಯುತ್ತದೆ, ಸದಾ ವಾಹನ ಹರಿಯುವ ಹೆದ್ದಾರಿಯಿಂದ ಸರಿದರೆ ಮೂರೇ. ಅದಕ್ಕಿಂತ ಒಂದು ಕಟ್ಟಡದ ಅಥವಾ ಮಣ್ಣಿನ ದಿಬ್ಬದ ಮರೆ ಸೇರುವುದು ಲೇಸು. ಇನ್ನು ಜಾತ್ರೆ, ಆರ್ಕೆಸ್ಟ್ರಾ, ಬೆಳಗಿನ ಜಾವದ ಧ್ವನಿವರ್ಧಕ. ಅದಕ್ಕೆ ಉಣ್ಣೆಯೂ ಸಾಲದು, ನಿಯಮವೂ ಸಾಲದು. ಮುಂದಿನ ಊರು ಇದೆ.

ಮರವಂತೆಯಲ್ಲಿ ಮಾತ್ರ ಈ ಪಾಠವೆಲ್ಲ ತಲೆಕೆಳಗಾಯಿತು. ಹೆದ್ದಾರಿಯ ಒಂದು ಮಗ್ಗುಲಲ್ಲಿ ಅರಬ್ಬಿ ಸಮುದ್ರ, ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕೆ, ನಡುವೆ ಇಡೀ ರಾತ್ರಿ ಲಾರಿ. ನಿದ್ದೆ ಬಾರದೆಂದೇ ಮಲಗಿದೆವು. ಬೆಳಕು ಹರಿದಾಗಲೇ ಎಚ್ಚರ. ಸಮುದ್ರದ ಮೊರೆತದಲ್ಲಿ ಎಲ್ಲ ಶ್ರುತಿಗಳೂ ಕಲಸಿಕೊಂಡಿರುತ್ತವೆ, ಅದು ಏರಿಳಿಯುವುದೂ ನಿಧಾನ. ಅದರ ಕೆಳಗೆ ಲಾರಿಗಳು ಮುಳುಗಿಹೋಗಿದ್ದವು. ಎಚ್ಚರಿಸುವುದು ಸದ್ದಿನ ದೊಡ್ಡತನವಲ್ಲ, ಅದು ತಟ್ಟನೆ ಬರುವುದು. ಆವತ್ತಿನಿಂದ ಮಂಚದ ತಲೆಯ ಬಳಿ ಒಂದು ಸಣ್ಣ ಫ್ಯಾನು, ಚಳಿಗಾಲದಲ್ಲೂ, ಗೋಡೆಯ ಕಡೆಗೆ ಮುಖ ಮಾಡಿ ತಿರುಗುತ್ತದೆ.

ಈಗ ಉಳಿದಿರುವುದು ಒಂದೇ ಒಂದು ಸದ್ದು. ಎಡಗೋಡೆಯೊಳಗೆ, ಕಿಟಕಿಯ ಕೆಳಗೆಲ್ಲೋ, ಏನೋ ಉರುಳುತ್ತದೆ: 'ಟಿಣ್'. ವಾಷರೋ, ಹಿಂದಿನ ಪ್ರವಾಸಿಗರು ಯಾರೋ ಬೀಳಿಸಿದ ನಾಣ್ಯವೋ. ಮೊದಲೆಲ್ಲ ಇದು ಕೇಳುತ್ತಲೇ ಇರಲಿಲ್ಲ. ಉಳಿದ ಗದ್ದಲ ಅಡಗಿದ ಮೇಲೆ ಹೊರಬಂದಿದೆ. ಇವರು ಓಡಿಸುವಾಗ ನಾನು ಹಿಂದೆ ಅಂಬೆಗಾಲಿಕ್ಕಿ, ಪ್ಲೈವುಡ್ಡಿಗೆ ಕಿವಿಯಿಟ್ಟು ಮೂರು ತಿಂಗಳು ಹುಡುಕಿದೆ. ಜಾಗ ಗೊತ್ತಾಯಿತು. ತೆಗೆಯಬೇಕಾದರೆ ಅಡುಗೆ ಕಟ್ಟೆ ಬಿಚ್ಚಿ, ಗೋಡೆ ಕಳಚಿ, ಉಣ್ಣೆ ಹೊರಗೆಳೆಯಬೇಕು. ಇವರು ಸ್ಕ್ರೂಡ್ರೈವರ್ ಹಿಡಿದು ಬಂದ ಸಂಜೆ ನಾನು ಬೇಡವೆಂದೆ. ಕಳೆದ ವಾರ ಆಗುಂಬೆ ಘಾಟಿ ಇಳಿಯುವಾಗ ಎಣಿಸಿದೆ. ಹದಿನಾಲ್ಕು ತಿರುವು, ಹದಿನಾಲ್ಕು ಟಿಣ್.